ಬ್ಯಾಟರಿ ಸುಳ್ಳು

ಆ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಒಂದು ಸುಳ್ಳಿತ್ತು. ಸಣ್ಣದು, ಹಳೆಯದು, ಎಲ್ಲ ನರ್ಸುಗಳ ಬಾಯಲ್ಲೂ ಓಡಾಡಿ ನುಣುಪಾಗಿದ್ದದ್ದು. ಬಸುರಿಯ ಹೊಟ್ಟೆಯ ಮೇಲಿಟ್ಟು ಮಗುವಿನ ಎದೆಬಡಿತ ಕೇಳುವ ಅಂಗೈಯಗಲದ ಯಂತ್ರವೊಂದಿದೆಯಲ್ಲ, ಡಾಪ್ಲರ್ ಅನ್ನುತ್ತಾರೆ, ಅದನ್ನು ಹಿಡಿದು ಎಷ್ಟು ಹುಡುಕಿದರೂ ಬಡಿತ ಸಿಗದೇ ಹೋದಾಗ ಹೇಳುವ ಸುಳ್ಳು ಅದು. "ಬ್ಯಾಟರಿ ವೀಕಾಗಿದೆ ಅನ್ಸುತ್ತಮ್ಮಾ, ಇನ್ನೊಂದು ತರ್ತೀನಿ ಇರಿ." ಇಷ್ಟೇ. ಇಷ್ಟು ಹೇಳಿ, ಹೊದಿಕೆ ಸರಿಮಾಡಿ, ಅವಸರ ತೋರಿಸದೆ ಬಾಗಿಲು ದಾಟಿಬಿಡಬೇಕು. ಆಮೇಲೆ ಡಾಕ್ಟರಮ್ಮ ಸ್ಕ್ಯಾನಿನ ದೊಡ್ಡ ಯಂತ್ರ ತಳ್ಳಿಸಿಕೊಂಡು ಬಂದು, ಹೇಳಬೇಕಾದ್ದನ್ನು ಹೇಳುತ್ತಾರೆ. ಅದು ನರ್ಸಿನ ಕೆಲಸವಲ್ಲ.

ಕೆಲಸವಲ್ಲ ಅನ್ನುವುದು ಹೊರಗಿನವರಿಗೆ ಹೇಳುವ ಕಾರಣ. ನಿಜ ಬೇರೆ. ಆ ಮಾತು ಹೇಳಿ ಹೊರಬಿದ್ದ ಮೇಲೆ ಡಾಕ್ಟರಮ್ಮ ಬರುವವರೆಗೆ ಸಿಗುವ ಸ್ವಲ್ಪ ಹೊತ್ತು ನರ್ಸಿನ ಸ್ವಂತದ್ದು. ಆ ವಾರ್ಡಿನಲ್ಲಿ ಅವಳಿಗೆ ಸ್ವಂತದ್ದು ಅಂತ ಬೇರೇನೂ ಇರಲಿಲ್ಲ. ನೀರಿನ ಬಾಟಲಿಯನ್ನೂ ಯಾರೋ ಎತ್ತಿ ಕುಡಿದಿರುತ್ತಿದ್ದರು. ಕಾರಿಡಾರಿನ ಎದುರಿಗೆ ಒಗೆದ ಹಾಸಿಗೆ ಬಟ್ಟೆಗಳನ್ನು ಜೋಡಿಸಿಡುವ ಬಟ್ಟೆ ರೂಮಿತ್ತು. ಅಲ್ಲಿ ಹೋಗಿ, ಬಾಗಿಲು ಒರಗಿಸಿ, ಕಪಾಟಿನ ಕಡೆ ಮುಖ ಮಾಡಿ ನಿಲ್ಲಬೇಕು. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಬಹುದು. ಅಳಬೇಕು ಅನಿಸಿದರೆ ಅಳಬಹುದು, ಒರೆಸಿಕೊಳ್ಳಲು ಬಟ್ಟೆಗೇನು ಬರವಿಲ್ಲ. ಆಮೇಲೆ ಮುಖವನ್ನು ಮುಖದ ಜಾಗದಲ್ಲಿ ಇಟ್ಟುಕೊಂಡು ಒಳಗೆ ಹೋಗಬೇಕು.

ಈ ಸುಳ್ಳನ್ನು ಮೊದಲು ಹೇಳಿದವರು ಯಾರೋ ದೇವರೇ ಬಲ್ಲ. ಆದರೆ ಹೊಸದಾಗಿ ಬಂದ ನರ್ಸುಗಳಿಗೆಲ್ಲ ಅದನ್ನು ಕಲಿಸಿದವಳು ಮಾತ್ರ ಅಕ್ಕ. ವಾರ್ಡಿನಲ್ಲಿ ಎಲ್ಲರಿಗಿಂತ ಹಿರಿಯ ನರ್ಸು. ಎದುರಿಗೆ ಎಲ್ಲರೂ ಅಕ್ಕ ಅನ್ನುತ್ತಿದ್ದರು, ಬೆನ್ನ ಹಿಂದೆ ಕಲ್ಲಕ್ಕ. ಈ ಕಲ್ಲಕ್ಕ ಅನ್ನುವ ಹೆಸರು ಅವಳಿಗೂ ಗೊತ್ತಿತ್ತು. ಗೊತ್ತಿಲ್ಲದವಳ ಹಾಗಿದ್ದಳು, ಯಾಕೆಂದರೆ ಅದರಿಂದ ಅನುಕೂಲವೂ ಇತ್ತು: ಕಲ್ಲನ್ನು ಯಾರೂ ಹೇಗಿದ್ದೀಯ ಅಂತ ಕೇಳುವುದಿಲ್ಲ.

ಅವಳ ಕೈಯಲ್ಲಿ ಹುಟ್ಟಿದ ಮಕ್ಕಳಿಗೆ ಲೆಕ್ಕವಿರಲಿಲ್ಲ. ಹುಟ್ಟುವ ಮುಂಚೆಯೇ ಹೋದವುಗಳಿಗೆ ಮಾತ್ರ ಅವಳ ಒಳಗೆಲ್ಲೋ ಲೆಕ್ಕವಿತ್ತು, ಕೇಳಿದರೂ ಅವಳು ಹೇಳುತ್ತಿರಲಿಲ್ಲ. ಅಂಥ ಮಕ್ಕಳನ್ನು ತೊಳೆದು, ಒರೆಸಿ, ಬಟ್ಟೆ ಸುತ್ತಿ, ತಾಯಿಯ ಕೈಗೆ ಕೊಡುವ ಕೆಲಸ ಬಂದಾಗಲೆಲ್ಲ ಉಳಿದವರು ಏನೋ ನೆಪ ತೆಗೆದು ಅತ್ತಿತ್ತ ಸರಿಯುತ್ತಿದ್ದರು. "ಅಕ್ಕ ಮಾಡ್ತಾರೆ ಬಿಡು, ಅವ್ರಿಗೆ ಅಭ್ಯಾಸ." ಅಕ್ಕ ಮಾಡುತ್ತಿದ್ದಳು. ಬಿಸಿನೀರಿಗೆ ಮೊಣಕೈ ಅದ್ದಿ ನೋಡುತ್ತಿದ್ದಳು, ಬಿಸಿ ಹೆಚ್ಚಾಯಿತೇನೋ ಅಂತ. ಆ ಮಗುವಿಗೆ ಬಿಸಿ ಹೆಚ್ಚಾದರೇನು, ಕಮ್ಮಿಯಾದರೇನು? ಆದರೂ ನೋಡುತ್ತಿದ್ದಳು. ಅದನ್ನು ಯಾರೂ ಕಂಡಿರಲಿಲ್ಲ.

ಮನೆಯಲ್ಲಿ ಹೇಳಿಕೊಳ್ಳಬಹುದಿತ್ತಲ್ಲ ಅಂದರೆ, ಮನೆಯ ಕಥೆಯೇ ಬೇರೆ. ಗಂಡ ಮೋಟರ್ ರಿಪೇರಿ ಅಂಗಡಿಯವನು, ಕೆಟ್ಟವನಲ್ಲ. ಮದುವೆಯಾದ ಹೊಸದರಲ್ಲಿ ಒಂದು ಸಂಜೆ ಊಟಕ್ಕೆ ಕೂತಾಗ ಅವಳು ಅಂದು ಸತ್ತೇ ಹುಟ್ಟಿದ ಒಂದು ಮಗುವಿನ ಸುದ್ದಿ ಹೇಳತೊಡಗಿದ್ದಳು. ಎಷ್ಟು ಚೆಂದ ಉಗುರು ಬೆಳೆದಿತ್ತು ಅನ್ನುವಷ್ಟರಲ್ಲಿ ಅವನು ತಟ್ಟೆ ಪಕ್ಕಕ್ಕೆ ಸರಿಸಿ, "ಇದನ್ನೆಲ್ಲ ಮನೆಗೆ ತರಬೇಡ ಮಾರಾಯ್ತಿ, ನನಗೆ ತಡ್ಕೊಳ್ಳೋಕಾಗಲ್ಲ" ಅಂದ. ಅವಳು ಆಮೇಲೆ ಯಾವತ್ತೂ ತರಲಿಲ್ಲ. ಅವನಿಗೆ ಆ ಮಾತು ಆಡಿದ ನೆನಪೂ ಇರಲಿಕ್ಕಿಲ್ಲ. ಮಗ ಮದುವೆಯಾಗಿ ಬೇರೆ ಮನೆ ಮಾಡಿದ್ದ. ಅವನ ಪಾಲಿಗೆ ಅಮ್ಮ ಅಂದರೆ ಜ್ವರದ ಮಾತ್ರೆ, ಮೈ ಸರಿಯಿಲ್ಲದಾಗ ನೆನಪಾಗುತ್ತಿದ್ದಳು. ಇನ್ನುಳಿದದ್ದು ಅತ್ತೆ. ಹಲ್ಲಿಲ್ಲ, ಕಿವಿ ಅರ್ಧ, ಉತ್ಸಾಹ ಮಾತ್ರ ಪೂರ್ತಿ. ಸೊಸೆ ಚಪ್ಪಲಿ ಬಿಡುವ ಮೊದಲೇ ಕೂಗುತ್ತಿದ್ದಳು, "ಇವತ್ತು ಎಷ್ಟು? ಗಂಡೆಷ್ಟು, ಹೆಣ್ಣೆಷ್ಟು?" ಸೊಸೆ ಹುಟ್ಟಿ ಅತ್ತ ಮಕ್ಕಳನ್ನಷ್ಟೇ ಎಣಿಸಿ ಹೇಳುತ್ತಿದ್ದಳು. ಅತ್ತೆ ಕೆಲಸ ಮಾಡಿದವಳು ತಾನೇ ಅನ್ನುವಷ್ಟು ತೃಪ್ತಿಯಿಂದ ತಲೆಯಾಡಿಸುತ್ತಿದ್ದಳು.

ಹೀಗೆ ನಡೆದುಕೊಂಡು ಹೋಗುತ್ತಿದ್ದ ಬದುಕಿಗೆ ಗುಬ್ಬಿ ಬಂದು ಸೇರಿದ್ದಳು. ಹೊಸ ನರ್ಸು. ಗಿಡ್ಡ, ತೆಳ್ಳಗೆ, ಬಾಯಿ ಒಂದು ಗಳಿಗೆ ಸುಮ್ಮನಿರದು. ಗುಬ್ಬಿ ಅನ್ನುವುದು ವಾರ್ಡು ಗುಡಿಸುವ ಆಯಾ ಇಟ್ಟ ಹೆಸರು. ಚಿಕ್ಕಂದಿನಲ್ಲೇ ತಾಯಿ ಕಳೆದುಕೊಂಡ ಹುಡುಗಿ. ಕಲ್ಲಕ್ಕನ ಮುಖದ ಮೇಲೇ "ಅಕ್ಕಾ, ನಿಮಗೆ ನಗೋಕೆ ಬರಲ್ವಾ, ಇಲ್ಲಾ ಡ್ಯೂಟಿ ಟೈಮಲ್ಲಿ ರಜಾನಾ?" ಅಂತ ಕೇಳಿದವಳು ಅವಳೊಬ್ಬಳೇ. ಅಕ್ಕ ಅವಳಿಗೆ ಸೂಜಿ ಹಿಡಿಯುವುದು ಕಲಿಸಿದಳು, ಹೆದರಿದ ಹೆಂಗಸರನ್ನು ಗದರದೆ ಉಸಿರು ಬಿಡಿಸುವುದು ಕಲಿಸಿದಳು, ಬ್ಯಾಟರಿಯ ಸುಳ್ಳನ್ನೂ ಕಲಿಸಿದಳು. ಗುಬ್ಬಿ ಅದನ್ನು ಮೊದಲ ಸಲ ಹೇಳಿ ಬಂದ ದಿನ ಬಟ್ಟೆ ರೂಮಿನಲ್ಲಿ ಅಕ್ಕನನ್ನು ಅಪ್ಪಿಕೊಂಡು ಬಿಕ್ಕಿ ಬಿಕ್ಕಿ ಅತ್ತಿದ್ದಳು. ಅಕ್ಕ ಬೆನ್ನು ತಟ್ಟಿ, "ಸಾಕು, ಮುಖ ತೊಳ್ಕೋ, ಒಳಗೆ ಅವಳು ಒಬ್ಬಳೇ ಇದ್ದಾಳೆ" ಅಂದಿದ್ದಳು.

ಗುಬ್ಬಿಯೇ ಬಸುರಿಯಾದಾಗ ಇಡೀ ವಾರ್ಡಿಗೆ ಬಯಕೆ ಶುರುವಾದಂತಾಯಿತು. ಮದುವೆಯಾಗಿ ಎಷ್ಟೋ ವರ್ಷ ಕಾದು, ಔಷಧಿ ತಿಂದು, ಆಸೆ ಬಿಟ್ಟ ಮೇಲೆ ನಿಂತ ಬಸಿರು. ಗಂಡ ಶಾಲೆಯ ವ್ಯಾನ್ ಓಡಿಸುವವನು, ಊರಿನ ಮಕ್ಕಳನ್ನೆಲ್ಲ ಸಾಗಿಸಿ ಸಾಗಿಸಿ ಕೊನೆಗೆ ತನ್ನದೊಂದು ಸೀಟು ಹಿಡಿಯಿತು ಅಂತ ಅವನದೊಂದು ಜೋಕು. ದಿನಾ ಚಹಾದ ಹೊತ್ತಿಗೆ ಗುಬ್ಬಿ ಪರೀಕ್ಷೆ ಕೋಣೆಯ ಮಂಚದ ಮೇಲೆ ಮಲಗಿ, "ಅಕ್ಕಾ, ರೇಡಿಯೋ ಹಾಕಿ" ಅನ್ನುತ್ತಿದ್ದಳು. ಅಕ್ಕ ಡಾಪ್ಲರ್ ಇಡುತ್ತಿದ್ದಳು. ಟಕಟಕ ಟಕಟಕ, ತಡವಾಯಿತು ಅಂತ ಯಾರೋ ಮೆಟ್ಟಿಲು ಹತ್ತಿ ಓಡಿ ಬರುತ್ತಿರುವ ಹಾಗೆ ಕೇಳಿಸುತ್ತಿತ್ತು. ಆಯಾ ಪೊರಕೆ ಬಿಟ್ಟು ಬಂದು ನಿಲ್ಲುತ್ತಿದ್ದಳು. ಅತ್ತು ದನಿ ತೆಗೆಯುವವರೆಗೆ ಯಾವ ಮಗುವನ್ನೂ ಮಗು ಅನ್ನದ ಅಕ್ಕ, ಈ ಒಂದನ್ನು ಮಾತ್ರ ಮರಿ ಅನ್ನತೊಡಗಿದ್ದಳು. "ಮರಿ ಇವತ್ತು ಜೋರಾಗಿದೆ." "ಮರಿಗೆ ನಿದ್ದೆ." ಅಷ್ಟು ವರ್ಷ ಬಿಗಿಹಿಡಿದ ನಾಲಿಗೆ ಹೇಗೆ ಜಾರಿತೋ ಅವಳಿಗೇ ತಿಳಿಯದು. ಜಾರಿತು, ಅಷ್ಟೇ. ಮನೆಗೆ ಹೋಗುವಾಗ ಬಸ್ಸಿನಲ್ಲಿ ಕೂತು ಒಬ್ಬಳೇ ಮುಗುಳ್ನಗುವುದೂ ಶುರುವಾಗಿತ್ತು. ಪಕ್ಕದ ಸೀಟಿನವರು ಏನೆಂದುಕೊಂಡರೋ.

ಗುಬ್ಬಿಗೆ ದಿನ ತುಂಬುತ್ತಾ ಬಂತು. ವಾರ ಕಳೆದರೆ ರಜೆ. ಅಂದು ಮಧ್ಯಾಹ್ನ ವಾರ್ಡು ಸ್ವಲ್ಪ ಬಿಡುವಾಗಿತ್ತು. ಅವಳು ಸೊಂಟಕ್ಕೆ ಕೈಕೊಟ್ಟುಕೊಂಡು ಬಂದು ಮಂಚ ಹತ್ತಿದಳು.

"ಅಕ್ಕಾ, ಒಂಚೂರು ನೋಡಿ. ಬೆಳಗ್ಗೆಯಿಂದ ಮಿಸುಕಾಡಿಲ್ಲ. ಅಪ್ಪನ ಹಾಗೇ ಸೋಮಾರಿ."

ಅಕ್ಕ ಜೆಲ್ ಹಚ್ಚಿ ಯಂತ್ರ ಇಟ್ಟಳು. ದಿನಾ ಸಿಗುತ್ತಿದ್ದ ಜಾಗದಲ್ಲಿ ಸಿಗಲಿಲ್ಲ. ಎಡಕ್ಕೆ ಸರಿಸಿದಳು, ಕೆಳಗೆ ಸರಿಸಿದಳು, ಮತ್ತೆ ಬಲಕ್ಕೆ ಬಂದಳು. ನಿಧಾನವಾದ ಒಂದು ಬಡಿತ ಸಿಕ್ಕಿತು, ಅದು ಗುಬ್ಬಿಯ ಸ್ವಂತ ನಾಡಿ. ಅದರ ಹಿಂದೆ ಏನೂ ಇರಲಿಲ್ಲ. ಗುಬ್ಬಿ ಸೀಲಿಂಗ್ ನೋಡುತ್ತಾ, ತೊಟ್ಟಿಲನ್ನು ಯಾವ ಮೂಲೆಗೆ ಇಡಬೇಕು ಅಂತ ತನಗೂ ಗಂಡನಿಗೂ ನಡೆದ ಜಗಳ ಹೇಳುತ್ತಿದ್ದವಳು ಮಾತಿನ ಮಧ್ಯೆ ನಿಲ್ಲಿಸಿದಳು. ಅಕ್ಕನ ಕೈ ಇನ್ನೊಮ್ಮೆ ಇಡೀ ಹೊಟ್ಟೆ ಸುತ್ತಿತು. ಆಮೇಲೆ ಅವಳ ಬಾಯಿ, ಅವಳನ್ನು ಕೇಳದೆಯೇ, ಅಭ್ಯಾಸಬಲದಿಂದ ತಂತಾನೇ ಹೇಳಿತು.

"ಬ್ಯಾಟರಿ ವೀಕಾಗಿದೆ ಅನ್ಸುತ್ತೆ ಕಣೆ. ಇನ್ನೊಂದು ತರ್ತೀನಿ ಇರು."

ಜಗತ್ತಿನಲ್ಲಿ ಯಾರಿಗೆ ಬೇಕಾದರೂ ಹೇಳಬಹುದಾಗಿದ್ದ ಮಾತು. ಗುಬ್ಬಿಗೆ ಮಾತ್ರ ಹೇಳಬಾರದಾಗಿತ್ತು. ಗುಬ್ಬಿ ಕತ್ತು ಹೊರಳಿಸಿ ಅವಳ ಮುಖ ನೋಡಿದಳು.

"ಅಕ್ಕಾ," ಅಂದಳು. "ಅಕ್ಕಾ, ನೀವು ಹೋಗ್ಬೇಡಿ."

ಅಕ್ಕ ಹೋದಳು. ಕಾಲು ನಡೆಸಿಕೊಂಡು ಹೋಯಿತು ಅಂತ ಬೇಕಾದರೆ ಹೇಳಬಹುದು, ಆದರೆ ಕಾಲು ಅವಳದೇ ತಾನೆ. ಯಂತ್ರವನ್ನು ಮಂಚದ ಮೇಲೇ ಬಿಟ್ಟು, ಹೊದಿಕೆಯನ್ನೂ ಸರಿಮಾಡದೆ ಹೋದಳು. ಬಟ್ಟೆ ರೂಮಿನ ಬಾಗಿಲು ಒರಗಿಸಿ, ಕಪಾಟಿನ ಕಡೆ ಮುಖ ಮಾಡಿ ನಿಂತಳು. ಡಾಕ್ಟರಮ್ಮನಿಗೆ ಹೇಳಿಕಳಿಸಬೇಕು ಅಂತ ಗೊತ್ತಿತ್ತು. ಒಳಗೆ ಅವಳು ಒಬ್ಬಳೇ ಇದ್ದಾಳೆ ಅಂತಲೂ ಗೊತ್ತಿತ್ತು. ಒಂದು ಬೆಡ್‌ಶೀಟು ತೆಗೆದು ಬಿಚ್ಚಿದಳು, ಮಡಿಸಿದಳು, ಮತ್ತೆ ಬಿಚ್ಚಿದಳು.

ಆಗ ಎದುರಿನ ಕೋಣೆಯಿಂದ ಸದ್ದು ಬಂತು. ಟಕಟಕ ಟಕಟಕ. ಅದರ ಮೇಲೆ ಗುಬ್ಬಿಯ ದನಿ, ಸಂತೋಷಕ್ಕೆ ಒಡೆದುಹೋದ ದನಿ, "ಅಕ್ಕಾ! ಸಿಕ್ತು! ಅಕ್ಕಾ ಬನ್ನಿ, ಸಿಕ್ತು!"

ಗುಬ್ಬಿ ತಾನೇ ಯಂತ್ರ ಎತ್ತಿಕೊಂಡು ಹುಡುಕಿದ್ದಳು. ಸಿಕ್ಕಿದ್ದು ಏನು ಅಂತ ಅಕ್ಕನಿಗೆ ಕೇಳಿದ ಕ್ಷಣವೇ ತಿಳಿಯಿತು. ಭಯಕ್ಕೆ ತಾಯಿಯ ಎದೆಯೇ ಓಟ ಕಿತ್ತಿದೆ. ಹಾಗೆ ಓಡುವ ನಾಡಿ ಯಂತ್ರದಲ್ಲಿ ಥೇಟು ಮಗುವಿನ ಬಡಿತದ ಹಾಗೇ ಕೇಳುತ್ತದೆ. ಬೇರೆ ಹೆಂಗಸರ ವಿಷಯದಲ್ಲಿ ಈ ಮೋಸವನ್ನು ಅಕ್ಕ ಎಷ್ಟೋ ಸಲ ಹಿಡಿದಿದ್ದಳು. ಗುಬ್ಬಿಯೂ ಹಿಡಿಯಬಲ್ಲಳು. ಇನ್ನು ಸ್ವಲ್ಪ ಹೊತ್ತಿಗೆ ಅವಳ ಬೆರಳು ತಂತಾನೇ ಮಣಿಕಟ್ಟಿಗೆ ಹೋಗುತ್ತದೆ, ಎರಡೂ ಒಂದೇ ಅಂತ ತಿಳಿಯುತ್ತದೆ.

ಹೋಗಿ ಅವಳ ಕೈ ಹಿಡಿದುಕೊಳ್ಳಬೇಕಿತ್ತು. ಅಕ್ಕ ಹೋಗಲಿಲ್ಲ. ಬೆಡ್‌ಶೀಟನ್ನು ಬಾಯಿಗೆ ಒತ್ತಿಕೊಂಡು ನಿಂತೇ ಇದ್ದಳು. "ಅಕ್ಕಾ" ಅನ್ನುವ ಕೂಗು ಇನ್ನೆರಡು ಸಲ ಬಂತು, ಎರಡನೆಯ ಸಲ ಅದರಲ್ಲಿ ಸಂತೋಷವಿರಲಿಲ್ಲ. ಆಮೇಲೆ ನಿಂತಿತು. ಆಯಾ ಓಡಿ ಬಂದು ಬಾಗಿಲು ತಳ್ಳಿದಾಗ, ಅಕ್ಕ ತಿರುಗದೆಯೇ, "ಡಾಕ್ಟರಮ್ಮನ್ನ ಕರಿ" ಅಂದಳು.

ಮಾರನೆಯ ದಿನ ಹೆರಿಗೆ ನೋವು ಬರಿಸಿದರು. ಹೋದ ಮಗುವನ್ನೂ ಹೆರಲೇಬೇಕಲ್ಲ. ಹೊರಗಿನ ಜನಕ್ಕೆ ಇದು ಗೊತ್ತಿರುವುದಿಲ್ಲ. ಗೊತ್ತಾದರೆ ಕಿವಿ ಮುಚ್ಚಿಕೊಳ್ಳುತ್ತಾರೆ. ಅಕ್ಕ ಬೆಳಗ್ಗೆ ಬೇಗ ಬಂದು, ಸಮವಸ್ತ್ರ ತೊಟ್ಟು, ಕೈ ತೊಳೆದು ಹೆರಿಗೆ ಕೋಣೆಯ ಬಾಗಿಲಿಗೆ ಬಂದಳು. ಈಗಲಾದರೂ ಪಕ್ಕದಲ್ಲಿರುತ್ತೇನೆ, ಎಲ್ಲ ಮುಗಿಯುವವರೆಗೆ ಒಂದು ಹೆಜ್ಜೆಯೂ ಅಲ್ಲಾಡುವುದಿಲ್ಲ ಅಂತ ರಾತ್ರಿಯೆಲ್ಲ ಅಂದುಕೊಂಡು ಬಂದಿದ್ದಳು. ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ಗುಬ್ಬಿ ಡಾಕ್ಟರಮ್ಮನಿಗೆ ಹೇಳುವುದು ಕೇಳಿಸಿತು.

"ಯಾರಾದ್ರೂ ಇರ್ಲಿ ಮೇಡಂ. ಅಕ್ಕ ಒಬ್ರು ಬೇಡ."

ಡಾಕ್ಟರಮ್ಮ ಹೊರಗೆ ಬಂದರು. ಖಡಕ್ ಹೆಂಗಸು, ನಯವಾಗಿ ಮಾತಾಡಿ ಅಭ್ಯಾಸವಿಲ್ಲ. ಅಕ್ಕನ ಭುಜ ಮುಟ್ಟಿ, "ನಿಮ್ಮನ್ನ ನೋಡಿದ್ರೆ ಅವಳಿಗೆ ಇನ್ನೂ ಸಂಕಟ ಆಗುತ್ತೆ, ಅಷ್ಟೇ. ನೀವು ಆ ಕಡೆ ರೂಮು ನೋಡ್ಕೊಳ್ಳಿ" ಅಂದರು. ಗುಬ್ಬಿ ಕೂಗಿದ್ದು ಕೇಳಿಸಿಯೂ ಅಕ್ಕ ಹೋಗಲಿಲ್ಲ ಅನ್ನುವುದು ಅವರಿಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಅಕ್ಕನಿಗೆ ಸ್ವಂತ ಮಗಳ ಹಾಗಿದ್ದವಳು, ಪಾಪ, ಕರುಳು ಕಿತ್ತು ಬಂದಿರಬೇಕು, ಅದಕ್ಕೇ ಅವತ್ತು ಬಟ್ಟೆ ರೂಮಿನಲ್ಲಿ ನಿಂತುಬಿಟ್ಟರು ಅಂತ ವಾರ್ಡೆಲ್ಲ ಮಾತಾಡಿಕೊಂಡಿತು. ಒಬ್ಬಳು ಚಹಾ ತಂದುಕೊಟ್ಟಳು. ಇನ್ನೊಬ್ಬಳು, "ನೀವೂ ಮನುಷ್ಯರೇ ಅಲ್ವಾ ಅಕ್ಕಾ" ಅಂದಳು. ಯಾರಾದರೂ ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

ಆ ಕಡೆ ರೂಮಿನಲ್ಲಿ ಅವಳ ಕೈಗೆ ಒಂದು ಹೆಣ್ಣುಮಗು ಬಂತು, ಕೆಂಪಗೆ, ಸಿಟ್ಟಿನ ಮೂಟೆ, ಕೂಗಿ ಕೂಗಿ ಸೂರು ಹಾರಿಸಿತು. ಅಜ್ಜಿಯೊಬ್ಬಳು ನೋಟು ಮಡಿಸಿ ಅಕ್ಕನ ಕೈಗಿಡಲು ಬಂದಳು. ಅಕ್ಕ ಬೇಡ ಅಂದಳು. ಆ ಹೊತ್ತಿಗೇ ಗೋಡೆಯಾಚೆ ಏನೂ ಕೇಳಿಸದ ಒಂದು ಹೆರಿಗೆ ಆಗಿಹೋಯಿತು. ಮರಿಯನ್ನು ತೊಳೆದವಳು ಬೇರೊಬ್ಬಳು. ನೀರು ಮುಟ್ಟಿ ನೋಡಿದಳೋ ಇಲ್ಲವೋ. ಅಕ್ಕ ಡ್ಯೂಟಿ ಮುಗಿಸಿ ಬರುವಷ್ಟರಲ್ಲಿ ಗುಬ್ಬಿಯ ಗಂಡ ಬಿಳಿ ಬಟ್ಟೆಯ ಗಂಟನ್ನು ಎದೆಗವಚಿಕೊಂಡು ಹಿಂದಿನ ಬಾಗಿಲಿಂದ ಹೋಗಿಯಾಗಿತ್ತು.

ಮನೆಗೆ ಬಂದಾಗ ಅತ್ತೆ ಎಂದಿನಂತೆ ಕೂಗಿದಳು. "ಇವತ್ತು ಎಷ್ಟು?"

"ಒಂದು. ಹೆಣ್ಣು."

"ಒಂದೇನಾ? ಅಲ್ವೇ, ಆ ನಿಮ್ಮ ಬಾಯಿಬಡುಕಿ ಒಬ್ಬಳು ಬಂದಿದ್ಲಲ್ಲ ಮನೆಗೆ, ನನ್ನ ಕಾಲು ಒತ್ತಿಕೊಟ್ಟೋಳು. ಅವಳಿಗೆ ಯಾವಾಗ?"

ಗಂಡ ಟಿವಿ ನೋಡುತ್ತಿದ್ದ. ಅಕ್ಕ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. "ಇನ್ನೂ ಟೈಮಿದೆ" ಅಂದಳು.

"ಆಂ?"

"ಇನ್ನೂ ಟೈಮಿದೆ ಅಂದೆ!" ಅಂತ ಕಿರುಚಿದಳು. ಗಂಡ ತಿರುಗಿ ನೋಡಿ, ಅಮ್ಮನಿಗೆ ಕಿವಿ ಕೇಳಿಸದ್ದಕ್ಕೆ ಕಿರುಚಿದ್ದು ಅಂದುಕೊಂಡು ಮತ್ತೆ ಟಿವಿ ಕಡೆ ತಿರುಗಿದ. ಅಕ್ಕ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ನಿಂತಳು. ಬಕೀಟು ತುಂಬಿ, ಹರಿದು, ಕಾಲು ನೆನೆದರೂ ಅಳು ಬರಲಿಲ್ಲ. ಕಲ್ಲಕ್ಕ ಅಂತ ಹೆಸರಿಟ್ಟವರು ಸುಮ್ಮನೆ ಇಟ್ಟಿರಲಿಲ್ಲ ಅನಿಸಿತು. ಮನೆಯಲ್ಲಿ ಮೂರು ಜನ ಉಂಡರು, ಮೂರು ಹಾಸಿಗೆ ಹಾಸಿದರು, ಅವಳ ಎದೆಯಲ್ಲಿದ್ದದ್ದನ್ನು ಇಳಿಸಿಡಲು ಅಂಗೈಯಗಲ ಜಾಗ ಆ ಮನೆಯಲ್ಲಿರಲಿಲ್ಲ.

ಗುಬ್ಬಿಯನ್ನು ಮರುದಿನವೇ ಮನೆಗೆ ಕಳಿಸಿದರು. ಅದರ ಮರುದಿನ ಅಕ್ಕ ಕೆಲಸದ ಮಧ್ಯೆ ಕೈ ನಿಲ್ಲಿಸಿದಳು. ಇವತ್ತು ಮೂರನೆಯ ದಿನ. ಹಾಲು ಇಳಿಯುವ ದಿನ. ಮಗು ಇದೆಯೋ ಇಲ್ಲವೋ ಎದೆ ಕೇಳುವುದಿಲ್ಲ. ಅದರ ಪಾಡಿಗೆ ತುಂಬಿಕೊಂಡು ಕಲ್ಲಿನಂತಾಗಿ ಸೋರತೊಡಗುತ್ತದೆ. ಡಾಕ್ಟರಮ್ಮ ಮಾತ್ರೆ ಕೊಟ್ಟಿರುತ್ತಾರೆ, ಅದು ಒಬ್ಬರಿಗೆ ಹಿಡಿದರೆ ಇನ್ನೊಬ್ಬರಿಗೆ ಹಿಡಿಯದು. ಗುಬ್ಬಿ ನರ್ಸು, ಅವಳಿಗೆ ಇದೆಲ್ಲ ಗೊತ್ತು. ಗೊತ್ತಿದ್ದು ಏನು ಮಾಡುತ್ತಾಳೆ, ಬೆನ್ನ ಹಿಂದೆ ಗಂಟು ಹಾಕಲು ಒಂದು ಕೈ ಬೇಡವೇ? ತಾಯಿಯಿಲ್ಲ. ಅವಳ ಅತ್ತೆ, ಬಾಣಂತನ ಮಾಡಲು ಇನ್ನೇನಿದೆ ಅಂತ ಬರಲೇ ಇಲ್ಲ ಅಂತ ಆಯಾ ಹೇಳಿದ್ದಳು. ಅಕ್ಕ ಅರ್ಧ ದಿನ ರಜೆ ಕೇಳಿದಳು. ಅವಳು ರಜೆ ಕೇಳಿದ್ದು ಕಂಡು ಮೇಟ್ರನ್ ಕಾರಣ ಕೇಳುವುದನ್ನೇ ಮರೆತರು.

ಗುಬ್ಬಿಯ ಮನೆ ಒಂದು ಗ್ಯಾರೇಜಿನ ಮೇಲಿತ್ತು. ಕಬ್ಬಿಣದ ಮೆಟ್ಟಿಲು. ಕೆಳಗೆ ಯಾರೋ ತಗಡು ಬಡಿಯುತ್ತಿದ್ದರು. ಅಕ್ಕ ಕೈಚೀಲದಲ್ಲಿ ಅಗಲವಾದ ಹತ್ತಿ ಬಟ್ಟೆ ತಂದಿದ್ದಳು, ಗಟ್ಟಿಯಾಗಿ ಕಟ್ಟುವುದಕ್ಕೆ, ಜೊತೆಗೆ ತಣ್ಣೀರಿನ ಪಟ್ಟಿಗೆ ಒಂದಿಷ್ಟು ಮೆತ್ತನೆಯ ತುಂಡು. ಅರ್ಧ ಮೆಟ್ಟಿಲಲ್ಲಿ ನಿಂತು ವಾಪಸು ಇಳಿಯಲು ನೋಡಿದಳು. ಬೇಡ ಅಂದವಳ ಮನೆಗೆ ಯಾವ ಮುಖ ಹೊತ್ತು ಹೋಗುವುದು? ಗ್ಯಾರೇಜಿನವನು ತಲೆಯೆತ್ತಿ, "ಮೇಲೆ ಇದ್ದಾರೆ, ಹೋಗಿ ಹೋಗಿ" ಅಂದ. ಅವನ ಕಾಟಕ್ಕೆ ಹತ್ತಬೇಕಾಯಿತು.

ಬಾಗಿಲು ಬಡಿದಾಗ ಬಹಳ ಹೊತ್ತಿನ ಮೇಲೆ ಗುಬ್ಬಿಯೇ ತೆರೆದಳು. ಗಂಡನ ಅಂಗಿ ತೊಟ್ಟಿದ್ದಳು. ಎದೆಯ ಮೇಲೆ ಎರಡು ಕಡೆ ಒದ್ದೆಯಾಗಿತ್ತು. ಅಕ್ಕನನ್ನು ನೋಡಿದಳು, ಕೈಚೀಲವನ್ನು ನೋಡಿದಳು.

"ಏನು ತಂದಿದ್ದೀರಿ?" ಅಂದಳು. "ಬ್ಯಾಟರಿನಾ?"

ಗುಬ್ಬಿ ಬಾಗಿಲು ಹಾಕಲೂ ಇಲ್ಲ, ಬನ್ನಿ ಅನ್ನಲೂ ಇಲ್ಲ. ಒಳಗೆ ಹೋಗಿ ಮಂಚದ ಮೇಲೆ ಗೋಡೆಗೆ ಒರಗಿ ಕೂತಳು. ಅಕ್ಕ ಚಪ್ಪಲಿ ಬಿಟ್ಟು ಹಿಂದೆಯೇ ಹೋದಳು. ಒಂದೇ ಕೋಣೆ, ಮೂಲೆಯಲ್ಲಿ ಸ್ಟೌ. ತೊಟ್ಟಿಲು ಕಾಣಲಿಲ್ಲ, ಅದನ್ನು ಇಡಬೇಕೆಂದಿದ್ದ ಜಾಗ ಮಾತ್ರ ಗುಡಿಸಿಟ್ಟಂತೆ ಖಾಲಿಯಿತ್ತು. ಅಕ್ಕ ಬಟ್ಟಲಿಗೆ ನೀರು ಬಗ್ಗಿಸಿಕೊಂಡು, ಬಟ್ಟೆ ಅದ್ದಿ ಹಿಂಡಿದಳು. ಕೊಡಲು ಹೋದರೆ ಗುಬ್ಬಿ ತೆಗೆದುಕೊಳ್ಳಲಿಲ್ಲ.

"ಆ ದಿನ," ಅಂದಳು, "ಸಿಕ್ತು ಸಿಕ್ತು ಅಂತ ಕೂಗ್ದೆ ನಾನು. ನಿಮ್ಮನ್ನೇ ಕೂಗಿದ್ದು. ಎಷ್ಟು ಖುಷಿಯಾಗಿತ್ತು ಗೊತ್ತಾ ಅಕ್ಕಾ? ನಿಮ್ಮನ್ನ ಬೈದುಕೊಂಡೆ ಕೂಡ. ಈ ಮುದುಕಿಗೆ ಕಿವಿ ಮಂದ ಆಯ್ತು, ಸುಮ್ಮನೆ ನನ್ನ ಹೆದರಿಸಿಬಿಟ್ಲು ಅಂತ. ಆಮೇಲೆ ಮಣಿಕಟ್ಟು ಹಿಡಿದು ನೋಡ್ದೆ."

ಅಕ್ಕ ಹಿಂಡಿದ ಬಟ್ಟೆಯನ್ನು ಮತ್ತೆ ಬಟ್ಟಲಿಗೆ ಹಾಕಿದಳು.

"ಒಂದೇ ಒಂದು ಕೇಳ್ತೀನಿ. ನಾನು ಕೂಗಿದ್ದು ನಿಮಗೆ ಕೇಳಿಸ್ತಾ?"

ಕೆಳಗಿನ ಬಡಿತ ನಿಂತಿತ್ತು. ಅಕ್ಕನ ಬಾಯಲ್ಲಿ ಉತ್ತರ ಸಿದ್ಧವಿತ್ತು, ಅಂಥ ಉತ್ತರಗಳನ್ನು ಹೇಳಿಕೊಂಡೇ ಅವಳು ಇಷ್ಟು ವರ್ಷ ಅನ್ನ ತಿಂದದ್ದು. ಇಲ್ಲ ಕಣೆ, ಡಾಕ್ಟರಮ್ಮನ್ನ ಕರಿಯೋಕೆ ಆ ಕಡೆ ಹೋಗಿದ್ದೆ. ಇಷ್ಟು ಹೇಳಿದರೆ ಗುಬ್ಬಿ ನಂಬುತ್ತಾಳೆ. ನಂಬಲು ಕಾದು ಕೂತಂತಿದೆ ಅವಳ ಮುಖ. ನಂಬಿದರೆ ಅಳುತ್ತಾಳೆ, ಅಕ್ಕನ ಹೆಗಲಿಗೆ ಒರಗುತ್ತಾಳೆ, ಮತ್ತೆ ಅಕ್ಕಾ ಅನ್ನುತ್ತಾಳೆ. ಅವಳು ಹಾಗೆ ಅನ್ನದೇ ಹೋದರೆ ತನಗೆ ಈ ಲೋಕದಲ್ಲಿ ಇನ್ಯಾರಿದ್ದಾರೆ ಅಂತ ಅಕ್ಕನಿಗೆ ಆ ಕ್ಷಣದಲ್ಲಿ ಸ್ಪಷ್ಟವಾಗಿ ತಿಳಿದಿತ್ತು. ಯಾರೂ ಇರಲಿಲ್ಲ.

"ಕೇಳಿಸ್ತು," ಅಂದಳು.

ಗುಬ್ಬಿ ತಲೆಯೆತ್ತಿ ಅವಳನ್ನು ನೋಡಿದಳು.

"ಎದುರಿನ ರೂಮಲ್ಲೇ ಇದ್ದೆ. ಮೂರು ಸಲ ಕೂಗಿದ್ದೂ ಕೇಳಿಸ್ತು. ಅದು ನಿನ್ನ ನಾಡಿ ಅಂತ ಗೊತ್ತಾಯ್ತು. ಬಂದು ಅದನ್ನ ನಿನಗೆ ಹೇಳೋಕೆ ಆಗ್ಲಿಲ್ಲ. ನಿಂತುಬಿಟ್ಟೆ."

"ಯಾಕೆ?"

"ಹೆದರಿಕೆ ಆಯ್ತು. ಬೇರೆ ಏನೂ ಇಲ್ಲ. ಯಾವತ್ತೂ ಹೆದರಿಕೆನೇ ಆಗ್ತಿತ್ತು ನನಗೆ. ಪ್ರತಿ ಸಲನೂ."

ಗುಬ್ಬಿ ಬಾಗಿಲ ಕಡೆ ಕೈ ತೋರಿಸಿದಳು. "ಹೋಗಿ," ಅಂದಳು. ಅಕ್ಕ ಎದ್ದಳು. ಬಾಗಿಲವರೆಗೆ ಹೋದಳು, ಒಂದು ಕಾಲಿಗೆ ಚಪ್ಪಲಿಯನ್ನೂ ಹಾಕಿದಳು. ಹೊರಗೆ ಬಿಸಿಲಿತ್ತು, ಮೆಟ್ಟಿಲಿತ್ತು, ಬಸ್ಸಿತ್ತು, ಇವತ್ತು ಎಷ್ಟು ಅಂತ ಕೇಳುವ ಮನೆಯಿತ್ತು. ಹೊರಟುಬಿಡುವುದು ಸುಲಭ, ಅದರಲ್ಲಿ ಅವಳ ಕೈ ಪಳಗಿತ್ತು. ಚಪ್ಪಲಿ ಬಿಟ್ಟು ವಾಪಸು ಬಂದು ಮಂಚದ ತುದಿಯಲ್ಲಿ ಕೂತಳು.

"ಹೋಗಿ ಅಂದ್ನಲ್ಲ."

"ಬೈಯಿ ಬೇಕಾದ್ರೆ. ಹೋಗಲ್ಲ."

ಗುಬ್ಬಿ ಬೈದಳು. ನರ್ಸುಗಳಿಗೆ ಬೈಗುಳ ಚೆನ್ನಾಗಿ ಬರುತ್ತದೆ, ನೋವಿನಲ್ಲಿರುವ ಹೆಂಗಸರಿಂದ ದಿನಾ ಕಲಿತಿರುತ್ತಾರೆ. ಕಲ್ಲಕ್ಕ ಅಂತಲೂ ಅಂದಳು, ಮುಖದ ಮೇಲೇ. ಅಕ್ಕ ಕೇಳಿಸಿಕೊಂಡಳು. ಬೈದು ಬೈದು ದನಿ ಬತ್ತಿದ ಮೇಲೆ ಗುಬ್ಬಿ ಬೆನ್ನು ತಿರುಗಿಸಿ ಅಂಗಿ ಮೇಲೆತ್ತಿದಳು, ಅಷ್ಟೇ. ಅಕ್ಕ ಅಗಲದ ಬಟ್ಟೆ ಬಿಡಿಸಿ ಎದೆಗೆ ಸುತ್ತಿ, ಉಸಿರು ಕಟ್ಟದಂತೆ, ಸಡಿಲವೂ ಆಗದಂತೆ ಎಳೆದು ಗಂಟು ಹಾಕಿದಳು. ಅವಳ ಬೆರಳಿಗೆ ಬೆಚ್ಚಗೆ ಹಾಲು ತಾಗಿತು. ಆಗ ಅಳು ಬಂತು. ಬಟ್ಟೆ ರೂಮಿನಲ್ಲಲ್ಲ, ನಲ್ಲಿಯ ಸದ್ದಿನ ಹಿಂದಲ್ಲ, ಇನ್ನೊಬ್ಬಳ ಬೆನ್ನಿಗೆ ಹಣೆ ತಾಗಿಸಿಕೊಂಡು, ಮೂಗಿನಲ್ಲೆಲ್ಲ ಸುರಿದುಕೊಂಡು, ವಿಕಾರವಾಗಿ ಅತ್ತಳು. ಗುಬ್ಬಿ ತಿರುಗಿ ಸಮಾಧಾನ ಮಾಡಲಿಲ್ಲ. ದೂರ ಸರಿಯಲೂ ಇಲ್ಲ.

ಬಹಳ ಹೊತ್ತಾದ ಮೇಲೆ ಅಕ್ಕ ಕೇಳಿದಳು. "ಮರಿ ಹೇಗಿತ್ತೇ? ನಾನು ನೋಡ್ಲಿಲ್ಲ."

ಆಸ್ಪತ್ರೆಯಲ್ಲಿ, ಬೀದಿಯಲ್ಲಿ, ನೆಂಟರಲ್ಲಿ, ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಇನ್ನೊಂದಾಗುತ್ತೆ ಬಿಡು, ಚಿಕ್ಕ ವಯಸ್ಸು ಅಂದವರೇ ಎಲ್ಲ. ಗುಬ್ಬಿಯ ಬಾಯಿ ತೆರೆಯಿತು, ಹೇಳಲು ಬೇಕಾದಷ್ಟಿತ್ತು ಅಂತ ಕಾಣುತ್ತಿತ್ತು. ಮತ್ತೆ ಮುಚ್ಚಿಕೊಂಡಿತು.

"ನಿಮಗೆ ಹೇಳಲ್ಲ," ಅಂದಳು.

"ಸರಿ."

ಅಕ್ಕ ಬಟ್ಟಲಿನ ನೀರು ಬದಲಿಸಿ ತಂದಳು. ಒದ್ದೆ ಅಂಗಿ ಹಿಂಡಿ ಕಿಟಕಿಯ ಸರಳಿಗೆ ಹರವಿದಳು. ಸ್ಟೌ ಹಚ್ಚಿ ಗಂಜಿಗಿಟ್ಟಳು. ಗುಬ್ಬಿ ಗೋಡೆ ನೋಡುತ್ತ ಮಲಗಿದ್ದಳು, ನಿದ್ದೆ ಬಂತೇನೋ ಅನ್ನುವಷ್ಟರಲ್ಲಿ ಅಲ್ಲಿಂದಲೇ ಕೇಳಿದಳು.

"ನಾಳೆ ಬರ್ತೀರಾ?"

"ಬರ್ತೀನಿ."

"ನಾಳೇನೂ ಹೇಳಲ್ಲ."

"ಆಯ್ತು," ಅಂದಳು ಅಕ್ಕ.